ಮೌನಮ್ಮನ ಒದ್ದೆ ಸೀರೆ

ಸುರಪುರದ ಚರ್ಚಿನಲ್ಲಿ ಎಲ್ಲರೂ ಸಮಾಧಾನಮ್ಮ ಎಂದು ಕರೆಯುವ ಮೌನಮ್ಮನಿಗೆ ಸಮಾಧಾನ ಎಂಬುದು ಹೆಸರಿನಲ್ಲಿ ಬಿಟ್ಟರೆ ಮೈಯಲ್ಲಿ ಎಲ್ಲಿಯೂ ಇರಲಿಲ್ಲ. ಅರವತ್ತು ತುಂಬಿದ ಹೆಂಗಸು, ಕುಂತಲ್ಲಿ ಕೂಡುವ ಜೀವವಲ್ಲ. ಭಾನುವಾರ ಕೋಳಿ ಕೂಗುವ ಮೊದಲೇ ಚರ್ಚಿನ ಕಸ ಹೊಡೆದು ಮುಗಿಸಿರುತ್ತಿದ್ದಳು. ಯಾರ ಮನೆಯಲ್ಲಿ ಬಾಣಂತಿ, ಯಾರ ಮನೆಯಲ್ಲಿ ಹೆಣ, ಯಾವ ಮುದುಕಿಗೆ ಹಾಸಿಗೆಯಲ್ಲೇ ಎಲ್ಲವೂ, ಅಲ್ಲೆಲ್ಲ ಮೌನಮ್ಮ ಹಾಜರು. ಜಾತಿ ಕೇಳಿದವಳಲ್ಲ, ಕೇರಿ ಕೇಳಿದವಳಲ್ಲ. ಹೆರಿಗೆ ಆಸ್ಪತ್ರೆಯೊಂದರಲ್ಲಿ ಇಪ್ಪತ್ತಾರು ವರ್ಷ ಆಯಾ ಆಗಿ ದುಡಿದು ಬಿಟ್ಟ ಮೇಲೂ, ಬೆದರಿದ ಹುಡುಗಿಯೊಬ್ಬಳು ಹೆರಿಗೆಗೆ ಬಂದರೆ ಅಲ್ಲಿಯ ನರ್ಸುಗಳು ಈಕೆಗೇ ಫೋನ್ ಮಾಡುತ್ತಿದ್ದರು. ಯಾರಾದರೂ ಹೊಗಳಿದರೆ ಮಾತ್ರ ಮೈಮೇಲೆ ಇರುವೆ ಬಿಟ್ಟಂತಾಗುತ್ತಿತ್ತು. ಹೊಗಳಿಕೆ ಮುಗಿಯುವುದರೊಳಗೆ ಎದ್ದು ಏನಾದರೊಂದು ತೊಳೆಯಲು ಹೋಗಿಬಿಡುತ್ತಿದ್ದಳು.

ತಿಂಗಳ ಮೊದಲ ಭಾನುವಾರ ಪ್ರಭುಭೋಜನ. ಪಾಸ್ಟರು ರೊಟ್ಟಿಯ ಚೂರು, ದ್ರಾಕ್ಷಾರಸ ಹಂಚುವ ಹೊತ್ತಿಗೆ ಸರಿಯಾಗಿ ಮೌನಮ್ಮ ಅಳುವ ಕೂಸುಗಳನ್ನೆಲ್ಲ ಬಾಚಿಕೊಂಡು ಹೊರಗೆ ಬೇವಿನ ಮರದ ಕೆಳಗೆ ಹೋಗುತ್ತಿದ್ದಳು. ಅಳದ ಕೂಸುಗಳನ್ನೂ ಬಿಡುತ್ತಿರಲಿಲ್ಲ. ಎಂಥ ಒಳ್ಳೆಯ ಜೀವ ಎಂದುಕೊಂಡು ತಾಯಂದಿರು ನಿಶ್ಚಿಂತೆಯಿಂದ ಮೊಣಕಾಲೂರುತ್ತಿದ್ದರು. ಮೂವತ್ತೈದು ವರ್ಷಗಳಲ್ಲಿ ಆ ರೊಟ್ಟಿಯ ಒಂದು ಚೂರೂ ಆಕೆಯ ಬಾಯಿಗೆ ಬಿದ್ದಿಲ್ಲ ಎಂಬುದನ್ನು ಒಬ್ಬರೂ ಗಮನಿಸಿರಲಿಲ್ಲ. ದುಡಿಯುವವರನ್ನು ನಾವು ನೋಡುವುದೇ ಹಾಗೆ. ಕೆಲಸ ಕಾಣುತ್ತದೆ, ಆಳು ಕಾಣುವುದಿಲ್ಲ.

ಫೆಬ್ರವರಿಯ ಒಂದು ಮಂಗಳವಾರ ಪಾಸ್ಟರ್ ಚೇತನಕುಮಾರ ಮನೆಗೆ ಬಂದರು. ಮೂವತ್ತು ದಾಟದ ಹುಡುಗ, ಬಂದು ಎಂಟು ತಿಂಗಳಾಗಿತ್ತು. ಬೆವರು ಒರೆಸಿಕೊಳ್ಳುತ್ತ ಕುರ್ಚಿಯ ತುದಿಯಲ್ಲಿ ಕೂತು ನೀರು ಕುಡಿದರು.

"ಅಮ್ಮಾ, ಬರೋ ಭಾನುವಾರ ಹುಣಸಗಿ ಕೆನಾಲ್‌ನ್ಯಾಗ ದೀಕ್ಷಾಸ್ನಾನ ಇಟ್ಟೀವ್ರಿ. ಹನ್ನೊಂದು ಮಂದಿ. ನಿಮ್ಮ ಮೊಮ್ಮಗಳು ಪವಿತ್ರಾನೂ ಅದಾಳ. ಹನ್ನೆರಡು ಗಂಟೆಗೆ ನೀರು ಬಂದ್ ಮಾಡ್ತಾರಂತ, ಅದರೊಳಗ ಮುಗಿಸಬೇಕು."

"ಅಡಿಗಿ ಎಷ್ಟು ಮಂದಿಗಿ ಮಾಡ್ಲಿರಿ?" ಎಂದಳು ಮೌನಮ್ಮ. ಆಕೆಯ ಪ್ರಶ್ನೆ ಯಾವಾಗಲೂ ಅದೇ.

"ಅಡಿಗಿ ಬ್ಯಾರೆದವರು ನೋಡ್ಕೋತಾರ. ನೀವು ಈ ಸಲ ಹೆಣ್ಣಮಕ್ಕಳ ಕೈ ಹಿಡಿಬೇಕ್ರಿ."

ಆ ಚರ್ಚಿನಲ್ಲಿ ಒಂದು ರೂಢಿಯುಂಟು. ಹೊಸದಾಗಿ ನೀರಿಗೆ ಇಳಿಯುವ ಹೆಂಗಸರನ್ನು, ಮೊದಲೇ ಇಳಿದ ಹಿರಿಯಳೊಬ್ಬಳು ಕೈಹಿಡಿದು ಕಾಲುವೆಯ ಮೆಟ್ಟಿಲು ಇಳಿಸಬೇಕು. ಅದಕ್ಕೆ ಮುಂಚೆ ದಂಡೆಯ ಮೇಲೆ ನಿಂತು, ತಾನು ಎಂದು ಇಳಿದೆ, ಹೇಗೆ ನಂಬಿದೆ ಎಂದು ಎಲ್ಲರೆದುರು ಎರಡು ಮಾತು ಸಾಕ್ಷಿ ಹೇಳಬೇಕು. ಇಷ್ಟು ವರ್ಷ ಈ ಕೆಲಸ ಮಾಡುತ್ತಿದ್ದ ಮುದುಕಿ ದೀಪಾವಳಿಯ ಹೊತ್ತಿಗೆ ತೀರಿಕೊಂಡಿದ್ದಳು.

"ಮೊದಲನೇ ತಂಡದಾಗ ಇಳದವರು ಈಗ ನೀವೊಬ್ರೇ ಉಳದೀರಿ. ರಿಜಿಸ್ಟರ್ ನೋಡ್ದೆ. ಸಮಾಧಾನಮ್ಮ, ಗಂಡ ಮರಿಲಿಂಗ, ಹುಣಸಗಿ ಕೆನಾಲ್. ಎಷ್ಟು ಚಂದ ಬರದಾರ!"

ಪಾಸ್ಟರು ಹೋದ ಮೇಲೆ ಮೌನಮ್ಮ ತೊಳೆದಿಟ್ಟಿದ್ದ ಕೊಡವನ್ನು ಇಳಿಸಿ ಮತ್ತೆ ತಿಕ್ಕತೊಡಗಿದಳು. ಬೂದಿ ಹಾಕಿ ತಿಕ್ಕಿದಳು, ಹುಣಸೆಹಣ್ಣು ಹಾಕಿ ತಿಕ್ಕಿದಳು. ಪವಿತ್ರಾ ಬಂದು, "ಯಮ್ಮಾ, ತೂತು ಬೀಳ್ತದ, ಬಿಡು" ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಈಕೆಯ ಹೆಗಲ ಮೇಲಂತೂ ಕುಂಬಳಕಾಯಿ ನಿಜವಾಗಿಯೂ ಇತ್ತು. ಮೌನಮ್ಮ ಆ ನೀರಿಗೆ ಇಳಿದೇ ಇರಲಿಲ್ಲ.

ಆಗ ಆಕೆಗೆ ಇಪ್ಪತ್ತೈದು. ಗಂಡ ಮರಿಲಿಂಗ ಹುಣಸಗಿ ಕಡೆ ಕಾಲುವೆ ಕೆಲಸಕ್ಕೆ ಹೋಗಿ, ಅಲ್ಲಿ ಪ್ರಾರ್ಥನೆ ಕೇಳಿ ಮನಸ್ಸು ಕೊಟ್ಟಿದ್ದ. ಕುಡಿತ ಬಿಟ್ಟಿದ್ದ, ಹೆಂಡತಿಗೆ ಕೈ ಎತ್ತುವುದು ಬಿಟ್ಟಿದ್ದ. ಅಂಥ ಗಂಡನ ಹಿಂದೆ ಕೆಂಡಕ್ಕೆ ಹೋಗೆಂದರೂ ಹೆಂಡತಿ ಹೋದಾಳು. ಗಂಡಸರು ಎಂಟು, ಹೆಂಗಸರು ಆರು, ಹದಿನಾಲ್ಕು ಮಂದಿಯ ಹೆಸರುಗಳನ್ನು ಹಿಂದಿನ ದಿನವೇ ರಿಜಿಸ್ಟರಿನಲ್ಲಿ ಬರೆದಾಗಿತ್ತು, ಮೌನಮ್ಮನದು ಸಮಾಧಾನಮ್ಮ ಎಂಬ ಹೊಸ ಹೆಸರಿನಲ್ಲಿ. ಆದರೆ ಅವತ್ತು ಬೆಳಿಗ್ಗೆ ಎರಡು ವರ್ಷದ ಮಗ ಭೀಮುವಿನ ಮೈ ಸುಡುತ್ತಿತ್ತು. ಅತ್ತೆ ಹನುಮಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, "ಮನಿ ದೇವರ ಕೈ ಬಿಟ್ಟು ನೀರಿಗಿಳದ್ರ ಈ ಕೂಸು ನಿನಗ ದಕ್ಕಂಗಿಲ್ಲ ನೋಡು" ಎಂದಿದ್ದಳು. ಆ ಮಾತನ್ನು ಹೊತ್ತುಕೊಂಡೇ ಮೌನಮ್ಮ ಬಿಳಿ ಸೀರೆ ಉಟ್ಟು ಹೊರಟಳು. ಗಂಡ ಅತ್ತ ಎಳೆದರೆ ಅತ್ತೆ ಇತ್ತ ಎಳೆದಳು. ಎತ್ತು ಏರಿಗೆ, ಕೋಣ ನೀರಿಗೆ.

ಕಾಲುವೆ ದಂಡೆಯ ಮೇಲೆಯೇ ನೌಕರರ ಕ್ಯಾಂಪ್. ಅಲ್ಲಿ ತೂಬಿನ ಗೇಟು ನೋಡಿಕೊಳ್ಳುವ ಮನ್ಸೂರಅಲಿಯ ಮನೆ. ಅವತ್ತೂ ಮಧ್ಯಾಹ್ನ ಹನ್ನೆರಡಕ್ಕೆ ನೀರು ಬಂದ್ ಮಾಡುವ ಹುಕುಂ ಇತ್ತು. ಗಂಡಸರ ಸರದಿ ಮುಗಿಯಿತು. ಹೆಂಗಸರಿಗಾಗಿ ನಾಲ್ಕು ಸೀರೆ ಹಿಡಿದು ಮರೆ ಕಟ್ಟಿದರು. ಆರು ಜನರಲ್ಲಿ ಮೌನಮ್ಮ ಕೊನೆಯವಳು. ಆ ಹೊತ್ತಿಗೆ ಮನ್ಸೂರಅಲಿಯ ಮನೆಯಿಂದ ಒಂದು ಕೂಗು ಕೇಳಿತು. ಅವನ ಹೆಂಡತಿ ಖುರ್ಷೀದಬೇಗಂಗೆ ಹೆರಿಗೆ ನೋವು, ಹತ್ತಿರ ಯಾರೂ ಇಲ್ಲ. ತಾಯಿಯಿಂದ ಸೂಲಗಿತ್ತಿ ಕೆಲಸ ಕಲಿತಿದ್ದ ಮೌನಮ್ಮ ಮರೆಯಿಂದ ಹೊರಬಿದ್ದು ಓಡಿದಳು.

ಮಧ್ಯಾಹ್ನ ಎರಡರ ಸುಮಾರಿಗೆ ಗಂಡು ಕೂಸು ಹುಟ್ಟಿತು. ಅದೇ ಫಿರೋಜ್. ಮೌನಮ್ಮನ ಬಿಳಿ ಸೀರೆಯ ತುಂಬ ರಕ್ತ. ಕ್ಯಾಂಪಿನ ನಲ್ಲಿಯ ಕೆಳಗೆ ಕೂತು ಉಟ್ಟ ಸೀರೆಯಲ್ಲೇ ತಲೆಯಿಂದ ಕಾಲಿನವರೆಗೆ ತೊಳೆದುಕೊಂಡು, ತೊಟ್ಟಿಕ್ಕುತ್ತ ಊಟದ ಪೆಂಡಾಲಿಗೆ ಬಂದಳು. ಅಲ್ಲಿ ಪಟ್ಟಿ ಓದಿ ಪ್ರಮಾಣಪತ್ರ ಕೊಡುತ್ತಿದ್ದರು. ಯಾದಗಿರಿಯಿಂದ ಬಂದಿದ್ದ ಹಳೆಯ ಪಾಸ್ಟರು ನೀರಿಗಿಳಿಯುವಾಗ ಕನ್ನಡಕ ತೆಗೆದಿಟ್ಟಿದ್ದರು, ಯಾರನ್ನು ಮುಳುಗಿಸಿದೆ ಯಾರನ್ನು ಬಿಟ್ಟೆ ಎಂಬುದು ಅವರಿಗೇ ತಿಳಿಯದು. ಉಳಿದ ಹೆಂಗಸರು ನಡುಗುತ್ತ ಸೀರೆ ಬದಲಿಸಲು ಓಡಿದ್ದರು, ಈಕೆ ಮುಳುಗೆದ್ದ ಮೇಲೆಯೇ ಹೆರಿಗೆಗೆ ಓಡಿದಳೆಂದು ತಿಳಿದಿದ್ದರು. "ಸಮಾಧಾನಮ್ಮ" ಎಂದು ಕೂಗಿದಾಗ ಬಿಳಿ ಸೀರೆಯಲ್ಲಿ ತೊಯ್ದು ನಿಂತವಳನ್ನು ಯಾರು ಅನುಮಾನಿಸುತ್ತಾರೆ? ಮರಿಲಿಂಗ ನಗುತ್ತ ಎದ್ದು ಬಂದು ಹೆಂಡತಿಯ ಪಕ್ಕ ನಿಂತ. ಅವನ ಮುಖ ನೋಡಿ ಆಕೆ ಕೈಯೊಡ್ಡಿ ಕಾಗದ ತೆಗೆದುಕೊಂಡಳು.

ಸಂಜೆಗೆ ಭೀಮುವಿನ ಜ್ವರ ಇಳಿಯಿತು. ಇಳಿಸಿದವರು ಯಾರೆಂದು ಆಕೆಗೆ ಇಂದಿಗೂ ಗೊತ್ತಿಲ್ಲ.

ನಾಳೆ ಹೇಳುತ್ತೇನೆ ಎಂದುಕೊಂಡಳು. ನಾಳೆ ಕಾಲುವೆಯಲ್ಲಿ ನೀರಿರಲಿಲ್ಲ, ಪಾಸ್ಟರೂ ಹೋಗಿದ್ದರು. ಮುಂದಿನ ವರ್ಷ ಹೇಳಲು ನಾಚಿಕೆ. ಅದರ ಮುಂದಿನ ವರ್ಷ ಆಕೆ ಸಂಡೇ ಸ್ಕೂಲಿನ ಮಕ್ಕಳಿಗೆ ಅಡುಗೆ ಮಾಡುವವಳಾಗಿದ್ದಳು, ಎಲ್ಲರ ಬಾಯಲ್ಲೂ ಸಮಾಧಾನಮ್ಮ. ಒಳಗಿನ ಕೊರೆತಕ್ಕೆ ಆಕೆ ಕಂಡುಕೊಂಡ ಮದ್ದು ಒಂದೇ, ಕೆಲಸ. ಮಾಡಿದ್ದುಣ್ಣೋ ಮಹರಾಯ ಎಂಬ ಮಾತು ಕೇಳಿಯೇ ಬೆಳೆದವಳು. ಮಾಡಿದರಾಯಿತು, ದೇವರು ಕೈ ನೋಡುತ್ತಾನೆ, ತೊಯ್ದ ತಲೆ ನೋಡುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಒಂಬತ್ತು ವರ್ಷದ ಹಿಂದೆ ಮರಿಲಿಂಗ ಸಾಯುವಾಗ ಆಕೆಯ ಕೈ ಹಿಡಿದು, "ನಾವಿಬ್ರೂ ಒಂದ ದಿನ ನೀರಿಗಿಳದವರು. ಅಲ್ಲಿ ಕೂಡೂಣು, ಹೆದರಬ್ಯಾಡ" ಎಂದ. ಆಗಲೂ ಆಕೆ ಬಾಯಿ ಬಿಡಲಿಲ್ಲ. ಗಂಡ ಕಾಯುತ್ತಿರುವ ಬಾಗಿಲಲ್ಲಿ ತನ್ನನ್ನು ತಡೆದರೆ ಏನು ಗತಿ ಎಂಬ ಭಯ ಅಂದಿನಿಂದ ಆಕೆಯ ಬೆನ್ನು ಬಿಟ್ಟಿಲ್ಲ.

ಇಂಥವಳಿಗೆ ಈ ಚೇತನಕುಮಾರ ಬಂದದ್ದೇ ಒಂದು ಪೀಡೆಯಾಯಿತು. ಎಂಟು ತಿಂಗಳಿಂದ ಅವರದು ಒಂದೇ ಪಾಠ. ರಕ್ಷಣೆ ಬರುವುದು ನಂಬಿಕೆಯಿಂದ, ನಾವು ಮಾಡುವ ಪುಣ್ಯದ ಕೆಲಸದಿಂದಲ್ಲ. ಒಳ್ಳೆಯ ಕೆಲಸ ಬೇಕು, ಆದರೆ ಅದು ಮರಕ್ಕೆ ಹಣ್ಣು ಬಂದಂತೆ ಹಿಂದಿನಿಂದ ಬರಬೇಕು. ಮರಕ್ಕೆ ಹಣ್ಣು ಕಟ್ಟಿದರೆ ಮರ ಬದುಕುವುದಿಲ್ಲ. ಕಸಬರಿಗೆ ಹಿಡಿದು ಬಾಗಿಲ ಹಿಂದೆ ನಿಂತು ಕೇಳುವ ಮೌನಮ್ಮನಿಗೆ ಹಣ್ಣು, ಮರ ಬೇಕಿರಲಿಲ್ಲ. ಕೂಸು ಹುಟ್ಟಿದ ಮೇಲೆ ಹಾಲು ಬರುತ್ತದೆ, ಹಾಲು ಹಿಂಡಿದರೆ ಕೂಸು ಹುಟ್ಟುವುದಿಲ್ಲ, ಇಷ್ಟು ಆಕೆಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹಾಗಾದರೆ ಮೂವತ್ತೈದು ವರ್ಷ ತನ್ನ ಕೈಯಿಂದ ಸುರಿದದ್ದು ಎಂಥ ಹಾಲು ಎಂದು ಯೋಚಿಸಿ, ಕಸ ಹೊಡೆದ ನೆಲವನ್ನೇ ಮತ್ತೆ ಹೊಡೆಯುತ್ತಿದ್ದಳು.

ಬುಧವಾರ ಆಕೆ ಚರ್ಚಿನ ಕಿಟಕಿ ಒರೆಸುವ ನೆಪದಲ್ಲಿ ಪಾಸ್ಟರನ್ನು ಹಿಡಿದಳು.

"ನೀರಿಗಿ ಇಳೀಲಾರದ ಸತ್ತವರ ಗತಿ ಏನ್ರಿ?"

"ಶಿಲುಬಿ ಮ್ಯಾಲ ಯೇಸುವಿನ ಬಾಜು ಇದ್ದ ಕಳ್ಳ ಯಾವ ನೀರಿಗಿಳದಿದ್ದ ಹೇಳ್ರಿ? ನಂಬಿದ, ಮುಗೀತು."

"ಅಂವಗ ಟೈಮ್ ಇರಲಿಲ್ರಿ. ಕೈಕಾಲಿಗಿ ಮೊಳಿ ಬಡದಿದ್ರು. ಟೈಮ್ ಇದ್ದು, ಕಾಲಿದ್ದು, ನೀರು ಮುಂದಿದ್ದು, ಇಳೀಲಾರದ ಓಡಿ ಹೋದಾಕಿ ಇದ್ರ?"

ಪಾಸ್ಟರು ನಕ್ಕರು. "ಅಂಥಾಕಿಗಿ ನೀರಿಂದು ಕೇಳೂದಿಲ್ರಿ ಅಮ್ಮಾ. ಆವಾಗ ನಂಬಿದ್ದಿಲ್ಲ, ಈಗರೆ ನಂಬೀದೇನವಾ ಅಂತ ಕೇಳೂದು." ಫೋನ್ ಬಂತು, ಮಾತಾಡುತ್ತ ಹೊರಗೆ ಹೋದರು. ಮೌನಮ್ಮ ಕಿಟಕಿಯ ಅದೇ ಗಾಜನ್ನು ಒರೆಸುತ್ತಲೇ ನಿಂತಳು.

ಗುರುವಾರ ಯಾದಗಿರಿಗೆ ಬಸ್ಸು ಹತ್ತಿದಳು. ಅಲ್ಲಿಯ ದೊಡ್ಡ ಚರ್ಚಿನಲ್ಲಿ ಮೇಲಿನ ಪಾಸ್ಟರು ಇರುತ್ತಾರೆ, ಗುರುತಿಲ್ಲದವರ ಮುಂದೆ ಹೇಳುವುದು ಸುಲಭ ಎಂದುಕೊಂಡಿದ್ದಳು. ಗೇಟಿನೊಳಗೆ ಹೋದರೆ ಅವತ್ತು ಯಾರದೋ ಮದುವೆ ಊಟ ಮುಗಿದು, ನಾಲ್ವರು ಹೆಂಗಸರು ಗುಡ್ಡದಷ್ಟು ಪಾತ್ರೆಯ ಮುಂದೆ ಕೂತಿದ್ದರು. ಮೌನಮ್ಮ ಆಫೀಸಿನ ಬಾಗಿಲು ನೋಡಿದಳು, ಪಾತ್ರೆ ನೋಡಿದಳು, ಸೆರಗು ಸಿಕ್ಕಿಸಿದಳು. ಮೂರು ತಾಸು ತಿಕ್ಕಿದಳು. ಅವರು ಕೊಟ್ಟ ಚಹಾ ಕುಡಿದು ಬಸ್ ಸ್ಟ್ಯಾಂಡಿಗೆ ಬಂದಾಗ, ಹೇಳಬೇಕಾದ್ದನ್ನು ಹೇಳದೆ ಬಂದೆನೆಂದು ನೆನಪಾಗಿ ಅಲ್ಲಿಯೇ ಬೆಂಚಿನ ಮೇಲೆ ಕೂತು ಅತ್ತಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಆಕೆ ಜೀವಮಾನವಿಡೀ ಮಾಡಿದ್ದಳು. ಈಗ ಆ ಬೆಕ್ಕಿಗೇ ತನ್ನ ಮೇಲೆ ಸಿಟ್ಟು ಬಂದಿತ್ತು.

ಸುರಪುರಕ್ಕೆ ಹೋಗುವ ಬಸ್ಸು ಶಹಾಪುರದ ಮೇಲೆಯೇ ಹೋಗುತ್ತದೆ. ಶಹಾಪುರದಲ್ಲಿ ಬಸ್ಸು ನಿಂತಾಗ ಇಳಿದುಬಿಟ್ಟಳು. ಅವತ್ತು ತಾನು ಎಲ್ಲಿದ್ದೆ ಎಂದು ಬಲ್ಲ ಜೀವ ಈ ಭೂಮಿಯ ಮೇಲೆ ಒಂದೇ ಇತ್ತು, ಅದು ಶಹಾಪುರದಲ್ಲಿತ್ತು.

ಖುರ್ಷೀದಬೇಗಂ ಗಂಡ ಹೋದ ಮೇಲೆ ಮಗ ಫಿರೋಜ್‌ನ ಜೊತೆ ಇರುತ್ತಿದ್ದಳು. ಫಿರೋಜ್ ಕ್ರೂಸರ್ ಜೀಪು ಓಡಿಸುತ್ತಾನೆ, ಭಾನುವಾರ ಚರ್ಚಿನವರನ್ನು ಹುಣಸಗಿಗೆ ಕರೆದೊಯ್ಯುವವನೂ ಅವನೇ. ಅವನ ಹೆಂಡತಿ ಸಮ್ರೀನ್‌ಗೆ ದಿನ ತುಂಬಿದ್ದವು. ಸೊಸೆ ಒಳಗೆ ಮಲಗಿದ್ದಾಗ ಇಬ್ಬರು ಮುದುಕಿಯರು ಹೊಸ್ತಿಲಲ್ಲಿ ಕೂತರು. ಮೌನಮ್ಮ ಅಲ್ಲಿದ್ದ ಅಕ್ಕಿಯ ಮೊರಕ್ಕೆ ಕೈ ಹಾಕಿದಳು. ಖುರ್ಷೀದಬೇಗಂ ಮೊರವನ್ನು ಎಳೆದು ಹಿಂದಕ್ಕಿಟ್ಟಳು.

"ಆರಿಸಿದ ಅಕ್ಕಿ ಅದು. ಮಾತಾಡು."

ಮೌನಮ್ಮ ಹೇಳಿದಳು. ಎಲ್ಲ ಹೇಳಿದಳು. ಕೊನೆಗೆ, "ನಿನ್ನ ಸಲುವಾಗಿ ಹೋಗಿ ತಪ್ಪಿತು ಅಂತ ನನಗ ನಾನ ಹೇಳಕೋತ ಬಂದೀನಿ" ಎಂದಳು.

"ಸುಳ್ಳು" ಎಂದಳು ಖುರ್ಷೀದಬೇಗಂ. "ನಾ ನಿನಗ ಎರಡು ಸಲ ಹೇಳಿದೆ, ಇದು ಮಧ್ಯಾಹ್ನದ ಮ್ಯಾಲಿನ ಮಾತು, ನೀ ಹೋಗಿ ನಿನ್ನ ಕೆಲಸ ಮುಗಿಸ್ಕೊಂಡು ಬಾ ಅಂತ. ನೀ ಬಾಗಿಲಾ ಹಾಕಿ ಚಿಲಕಾ ಹಾಕಿದಿ. ಬ್ಯಾನಿ ತಿನ್ನಾಕತ್ತಿದ್ರೂ ನನಗ ಕಣ್ಣಿದ್ವು, ಬಹೆನ್. ನನ್ನ ಕಡಿ ಓಡಿ ಬಂದಾಕಿಯಂಗ ಇರಲಿಲ್ಲ ನೀ. ಯಾರ ಕೈಯಿಂದಾನೋ ತಪ್ಪಿಸ್ಕೊಂಡು ಬಂದಂಗ ಇದ್ದಿ."

ಮೌನಮ್ಮನ ಎದೆಯ ಮೇಲಿನ ಮುಚ್ಚಳವನ್ನು ಯಾರೋ ಕಿತ್ತಂತಾಯಿತು. ಈ ಮಾತನ್ನು ಆಕೆ ತನಗೂ ಹೇಳಿಕೊಂಡಿರಲಿಲ್ಲ. ಆ ಕೂಗು ಕೇಳಿದಾಗ ಆಕೆಗೆ ಆದದ್ದು ಕನಿಕರವಲ್ಲ, ಖುಷಿ. ಬದುಕಿದೆ, ಕೂಸು ಉಳಿಯಿತು, ನೀರು ತಪ್ಪಿತು ಎಂಬ ಖುಷಿ. ಊರೆಲ್ಲ ಹೊಗಳುವ ಆಕೆಯ ಮೊದಲನೆಯ ಪುಣ್ಯದ ಕೆಲಸ ಹುಟ್ಟಿದ್ದೇ ಅಪನಂಬಿಕೆಯಿಂದ.

"ಹಂಗಾದ್ರ ನಾ ಮಾಡಿದ್ದೆಲ್ಲಾ ಸುಳ್ಳಾತು" ಎಂದಳು.

ಖುರ್ಷೀದಬೇಗಂಗೆ ಸಿಟ್ಟೇ ಬಂತು. "ಅರೆ, ನನ್ನ ಮಗಾ ಸುಳ್ಳೇನು? ಮೂವತ್ತೈದು ವರ್ಷದ ಗಂಡಸು, ಆರು ಅಡಿ ಅದಾನ, ನೋಡು ಹೋಗು. ನೀ ಹೆದರಿ ಓಡಿ ಬಂದಿ, ಅದು ನಿನ್ನ ಲೆಕ್ಕ. ನಿಮ್ಮ ಧರ್ಮದ ಮಾತು ನನಗ ತಿಳಿಯಂಗಿಲ್ಲ. ಆದ್ರ ಹೆದರಿದ್ದನ್ನ ಹೇಳಲಾರದ ಕಸಾ ಹೊಡಕೋತ ಹೋದ್ರ ಅಂಜಿಕಿ ಹೋಗಂಗಿಲ್ಲ, ಕಸಾ ಹೋಗ್ತದ ಅಷ್ಟೆ."

ಭಾನುವಾರ ಬೆಳಿಗ್ಗೆ ಕ್ರೂಸರ್ ತುಂಬ ಜನ, ಹಿಂದೆ ಎರಡು ಟಂಟಂ ಆಟೋ. ದಾರಿಯುದ್ದಕ್ಕೂ ಹತ್ತಿ ಬಿಡಿಸಿದ ಹೊಲಗಳು, ಮೆಣಸಿನಕಾಯಿ ಒಣಹಾಕಿದ ಕಣಗಳು, ಆಮೇಲೆ ಕಾಲುವೆ ನೀರಿನ ಭತ್ತದ ಹಸಿರು. ಹಾಡುವವರು ಹಾಡುತ್ತಿದ್ದರು. ಪವಿತ್ರಾ ಬಿಳಿ ಸೀರೆಯಲ್ಲಿ ಅಜ್ಜಿಗೆ ಒರಗಿ ಕೂತಿದ್ದಳು. ಮೌನಮ್ಮನೂ ಬಿಳಿ ಸೀರೆ ಉಟ್ಟಿದ್ದಳು, ಕೈಹಿಡಿಯುವವಳು ಉಡಬೇಕಾದ ರೂಢಿ. ಆಕೆಯ ಕೈಗಳು ಒಂದೇ ಸಮನೆ ಸೆರಗಿನ ಅಂಚು ಸುರುಳಿ ಸುತ್ತುತ್ತ ಬಿಚ್ಚುತ್ತ ಇದ್ದವು.

ಗಂಡಸರ ಸರದಿ ಮುಗಿಯುವಾಗ ಹನ್ನೊಂದೂವರೆ. ಮೆಟ್ಟಿಲ ಬಳಿ ಸೀರೆಗಳ ಮರೆ ಎದ್ದಿತು. ಪಾಸ್ಟರು ಸೊಂಟದ ಮಟ್ಟ ನೀರಿನಲ್ಲಿ ನಿಂತು, "ಈಗ ನಮ್ಮ ಸಮಾಧಾನಮ್ಮ ಸಾಕ್ಷಿ ಹೇಳ್ತಾರ" ಎಂದರು. ಎಲ್ಲರೂ ಆಕೆಯತ್ತ ತಿರುಗಿದರು.

ಅಷ್ಟರಲ್ಲಿ ದಂಡೆಯ ಮೇಲಿಂದ ಫಿರೋಜ್ ಫೋನ್ ಹಿಡಿದುಕೊಂಡು ಬಂದ. "ಅಮ್ಮಾ, ಸಮ್ರೀನ್‌ಗೆ ಬ್ಯಾನಿ ಸುರು ಆಗ್ಯಾವಂತ. ದವಾಖಾನಿಗಿ ಹಾಕ್ಯಾರ. ಅವಸರ ಇಲ್ಲ, ಸಂಜಿ ಆಗ್ತದ ಅಂದಾರ ಡಾಕ್ಟರು. ಆದ್ರ ಆಕಿ ನಿನ್ನ ಹೆಸರ ಹಿಡದು ಕೂತಾಳ."

ಮೌನಮ್ಮನ ಕಾಲುಗಳು ತಾವಾಗಿಯೇ ಎದ್ದವು. ಮೂವತ್ತೈದು ವರ್ಷದ ರೂಢಿ ಅದು, ಕೂಗು ಕೇಳಿದರೆ ಎದ್ದು ಹೋಗುವುದು. "ಹೋಗ್ರಿ ಅಮ್ಮಾ, ಹೋಗ್ರಿ, ಸಾಕ್ಷಿ ಬ್ಯಾರೆಯವರು ಹೇಳ್ತಾರ" ಎಂದು ನಾಲ್ಕಾರು ಹೆಂಗಸರು ಅಂದೇ ಅಂದರು. ನೋಡ್ರಿ, ಇಂಥ ಹೊತ್ತಿನಲ್ಲೂ ಕೂಸು ಬಿಡಂಗಿಲ್ಲ ಎಂಬ ಮೆಚ್ಚುಗೆ ಅವರ ಮುಖದಲ್ಲಿ. ಬಾಗಿಲು ತೆರೆದಿತ್ತು, ಹಾರ ಹಾಕಿ ಕಳಿಸಿಕೊಡುವವರೂ ಇದ್ದರು. ದಾರಿ ಕೊಟ್ಟವನು ದೇವರೋ ಸೈತಾನನೋ ಯಾರಿಗೆ ಗೊತ್ತು. ಆಕೆ ಕ್ರೂಸರ್ ಕಡೆಗೆ ನಾಲ್ಕು ಹೆಜ್ಜೆ ಹಾಕಿದಳು. ನಾಲ್ಕನೆಯ ಹೆಜ್ಜೆಗೆ ಎದೆಯಲ್ಲಿ ಆ ಹಳೆಯ ಖುಷಿಯೇ ಚಿಗುರುತ್ತಿರುವುದು ಗೊತ್ತಾಗಿ ನಿಂತಳು.

"ಸ್ವಲ್ಪ ನಿಲ್ಲಪಾ ಫಿರೋಜಾ. ಬರ್ತೀನಿ" ಎಂದು ತಿರುಗಿ ಮೆಟ್ಟಿಲ ಬಳಿಗೆ ಬಂದಳು.

"ನಾ ನೀರಿಗಿಳದಿಲ್ರಿ" ಎಂದಳು. ದನಿ ಗಟ್ಟಿಯಾಗಿಯೇ ಬಂತು. "ರಿಜಿಸ್ಟರ್‌ದಾಗ ಇರೋದು ಸುಳ್ಳು. ಅವತ್ತ ನಾ ಹೆದರಿ ಓಡಿ ಹೋದೆ. ನನ್ನ ಕೂಸು ಸಾಯ್ತದಂತ ಹೆದರಿದ್ದೆ. ಹೆರಿಗಿ ಮಾಡಿದ್ದು ಖರೆ, ಆದ್ರ ಅದು ನೆವಾ. ಸೀರಿ ತೊಯ್ದಿದ್ದು ನಲ್ಲಿ ನೀರಿಗಿ. ನೀರಿಗಿ ಇಳೀಲಾರದವರು ತಗೋಬಾರದಂತ ನಾ ಒಂದ ಸಲನೂ ಪ್ರಭುಭೋಜನ ತಗೊಂಡಿಲ್ಲ. ಕೂಸುಗಳನ್ನ ಹಿಡಕೊಂಡು ಹೊರಗ ಕೂತೆ. ನೀವು ಒಳ್ಳೆಯಾಕಿ ಅಂದ್ರಿ."

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಬಾಯಿ ತೆರೆದಳು.

"ಯಾವತ್ತು ನಂಬೀದಿ ಅಂತ ಕೇಳಿದ್ರ ತಾರೀಖು ಇಲ್ರಿ. ನನ್ನ ಗಂಡನ್ನ ಮಣ್ಣು ಮಾಡಿ ಮನಿಗಿ ಬಂದಾಗ ಕೆಲಸ ಏನೂ ಉಳದಿರಲಿಲ್ಲ. ಮಂದಿನೇ ಎಲ್ಲಾ ಮಾಡಿಬಿಟ್ಟಿದ್ರು. ಕೈ ಖಾಲಿ ಇತ್ತು. ಆವಾಗ ಯೇಸಪ್ಪಾ ಅಂದೆ. ಏನೂ ಮಾಡಲಾರದ, ಏನೂ ಕೊಡಲಾರದ ಕರದಿದ್ದು ಅದೊಂದ ಸಲ. ಓ ಅಂದಂಗಾತು. ಅಷ್ಟ ನನ್ನ ಸಾಕ್ಷಿ."

ಮೊದಲು ಬಾಯಿ ಬಿಟ್ಟವನು ಕಮಿಟಿಯ ಹಿರಿಯ ಬಸವಂತ್ರಾಯ. "ಇದು ಹಿಂಗ ಬಿಡೋ ಮಾತಲ್ರಿ. ಕಮಿಟಿದಾಗ ಇಡಬೇಕು. ಆರು ವಾರದ ಕ್ಲಾಸ್ ಆಗಬೇಕು. ಆಮ್ಯಾಲ ನೋಡೂಣು." ಪಾಸ್ಟರು ನೀರಿನಲ್ಲಿ ನಿಂತೇ ದಂಡೆಯ ಮೇಲಿದ್ದ ರಿಜಿಸ್ಟರಿನತ್ತ ನೋಡಿದರು. ರಿಜಿಸ್ಟರಿನ ಮೇಲೆ ಅವರಿಗಿದ್ದ ಪ್ರೀತಿ ಸಣ್ಣದಲ್ಲ.

ಪವಿತ್ರಾ ಮರೆಯ ಸೀರೆ ಸರಿಸಿ ಮುಂದೆ ಬಂದಳು. "ಸರ್, ನೀವ ಹೇಳಿದ್ರೆಲ್ಲ, ಕೆಲಸ ಬ್ಯಾಡ ನಂಬಿಕಿ ಸಾಕು ಅಂತ. ಮತ್ತ ಕ್ಲಾಸ್ ಅಂದ್ರ ಕೆಲಸ ಅಲ್ಲೇನ್ರಿ?"

ಯಾರೋ ಕಿಸಕ್ಕೆಂದರು. ಪಾಸ್ಟರ ಕಿವಿ ಕೆಂಪಾದವು. ಮೇಲೆ ಗೇಟಿನ ಹತ್ತಿರ ನೌಕರನೊಬ್ಬ ಗಡಿಯಾರ ನೋಡಿಕೊಳ್ಳುತ್ತಿದ್ದ. ಚೇತನಕುಮಾರ ಅವನನ್ನು ನೋಡಿದರು, ಬಸವಂತ್ರಾಯನನ್ನು ನೋಡಿದರು, ಕೊನೆಗೆ ಮೌನಮ್ಮನತ್ತ ಕೈ ಚಾಚಿದರು.

ಕೈಹಿಡಿದು ಇಳಿಸಬೇಕಾದವಳನ್ನು ಮೊಮ್ಮಗಳೇ ಕೈಹಿಡಿದು ಇಳಿಸಿದಳು. ನೀರು ಮೊಣಕಾಲಿಗೆ ಬಂದಾಗ ಮೌನಮ್ಮ ಮೊಮ್ಮಗಳ ಕೈಯನ್ನು ಎರಡೂ ಕೈಯಿಂದ ಹಿಡಿದಳು. ಅಂಜಿಕೆ ಹೋಗಿರಲಿಲ್ಲ, ಅದೂ ಆಕೆಯ ಜೊತೆಗೇ ಇಳಿಯಿತು.

"ನಂಬತೀರೇನಮ್ಮಾ?" ಎಂದರು ಪಾಸ್ಟರು, ಬಹಳ ಮೆಲ್ಲಗೆ.

"ನಂಬತೀನ್ರಿ. ಅಂಜಿಕಿನೂ ಅದ."

"ಇರ್ಲಿ. ಸಮಾಧಾನಮ್ಮಾ, ನಾನು ನಿನಗೆ..."

"ಆ ಹೆಸರು ಬ್ಯಾಡ್ರಿ. ಅದು ಸುಳ್ಳಿನ ಕಾಗದದಾಗಿಂದು. ಮೌನಮ್ಮ ಅನ್ರಿ."

ಮೌನಮ್ಮ ಎಂದರು. ಆಕೆ ನೀರಿನಲ್ಲಿ ಮುಳುಗಿದಳು. ಎದ್ದಾಗ ಬಾಯಿಯ ತುಂಬ ಕಾಲುವೆಯ ಕೆಂಪು ನೀರು, ಕೆಮ್ಮು. ಕಣ್ಣು ಒರೆಸಿಕೊಳ್ಳಲು ಹೋದರೆ ಎರಡೂ ಕೈ ಬೇರೆಯವರ ಕೈಯಲ್ಲಿದ್ದವು. ಪವಿತ್ರಾಳ ಸರದಿ ಮುಗಿಯುವವರೆಗೆ ನಿಂತು ನೋಡಿದಳು. ಉಳಿದ ಹೆಂಗಸರು ಇಳಿಯುತ್ತಿದ್ದಾಗ ದಂಡೆ ಹತ್ತಿ ಕ್ರೂಸರ್‌ನಲ್ಲಿ ಕೂತಳು.

"ಸೀರಿ ಬದಲಿಸ್ತೀಯೇನಮ್ಮಾ?" ಎಂದ ಫಿರೋಜ್.

"ಬ್ಯಾಡ. ನಡಿ. ಸಮ್ರೀನ್ ಕಾಯಾಕತ್ತಾಳ."

ಶಹಾಪುರದ ಆಸ್ಪತ್ರೆಯ ವರಾಂಡದಲ್ಲಿ ಖುರ್ಷೀದಬೇಗಂ ನಿಂತಿದ್ದಳು. ದೂರದಿಂದಲೇ ಆ ಬಿಳಿ ಸೀರೆ ಕಂಡಿತು. ಬರುವಷ್ಟರಲ್ಲಿ ಗಾಳಿಗೆ ಅರ್ಧ ಒಣಗಿದ್ದರೂ ನಿರಿಗೆಗಳಿಂದ ಇನ್ನೂ ಹನಿಯುತ್ತಿತ್ತು. ಅವಳು ಗೆಳತಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಮತ್ತ ತೋಯ್ಸಿಕೊಂಡು ಬಂದೀಯಲ್ಲ. ಇವತ್ತೂ ನಲ್ಲಿ ನೀರೇನು?"

"ಇಲ್ಲವಾ, ಇದು ಕೆನಾಲ್ ನೀರು" ಎಂದಳು ಮೌನಮ್ಮ.

ಖುರ್ಷೀದಬೇಗಂ ಹತ್ತಿರ ಬಂದಳು. ತನ್ನ ದುಪಟ್ಟಾದ ತುದಿಯಿಂದ ಆಕೆಯ ತಲೆ ಒರೆಸಿದಳು. ಮೌನಮ್ಮ ಸುಮ್ಮನೆ ನಿಂತು ಒರೆಸಿಕೊಂಡಳು. ಆಮೇಲೆ ಇಬ್ಬರೂ ಒಳಗೆ ಸಮ್ರೀನ್‌ಳ ಹತ್ತಿರ ಹೋದರು.